ರಾಸುಗಳ ಮಲಬದ್ಧತೆಯೂ ಸೊಂಟದ ಕೀಲುಗಳ ಬೇನೆಯೂ

ಬೇಸಗೆಯ ಕೊನೆಯಲ್ಲಿ ಕರೆಯುವ ಹಸುವು ಮೇವು ಬಿಟ್ಟು, ಗಟ್ಟಿಯಾದ ಸಗಣಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುವುದೂ, ಕೆಲವು ವಾರಗಳಲ್ಲಿಯೇ ಬೆನ್ನು ಬಾಗಿಸಿ ಹಿಂಗಾಲುಗಳನ್ನು ಎಳೆದುಕೊಂಡು ನಡೆಯುವುದೂ ಉಂಟು. ಮೊದಲನೆಯದಕ್ಕೆ ಭೇದಿಯ ಔಷಧವನ್ನು ಕುಡಿಸಿ, ಎರಡನೆಯದಕ್ಕೆ ಸೊಂಟಕ್ಕೆ ಬರೆ ಹಾಕಿಸುವ ರೂಢಿಯು ಕೆಲವೆಡೆಗಳಲ್ಲಿದೆ. ಆದರೆ ಇವೆರಡನ್ನೂ ಬೇರೆ ಬೇರೆ ರೋಗಗಳೆಂದು ಭಾವಿಸತಕ್ಕದ್ದಲ್ಲ. ಅನೇಕ ವೇಳೆ ಎರಡಕ್ಕೂ ಮೂಲವು ಒಂದೇ. ಅದು ಮೇವಿನಲ್ಲಿ ರಂಜಕದ ಕೊರತೆ.

ಎಲುಬು ಗಟ್ಟಿಯಾಗುವುದು ಸುಣ್ಣ ಮತ್ತು ರಂಜಕಗಳಿಂದ. ಪ್ರತಿ ಲೀಟರು ಹಾಲಿನೊಡನೆ ಸುಮಾರು 1 ಗ್ರಾಂ ರಂಜಕವು ಹಸುವಿನ ದೇಹದಿಂದ ಹೊರಹೋಗುತ್ತದೆ. ರಾಗಿಯ ಹುಲ್ಲಿನಲ್ಲಿ ಸುಣ್ಣವು ಸಾಕಷ್ಟಿದ್ದರೂ ರಂಜಕವು ಅತ್ಯಲ್ಪ. ಬತ್ತದ ಹುಲ್ಲಿನಲ್ಲಿಯೂ ರಂಜಕವು ಸಾಲದು. ಮೇವಿನಿಂದ ದೊರೆಯದುದನ್ನು ಹಸುವು ತನ್ನ ಎಲುಬಿನಿಂದಲೇ ತೆಗೆದು ಹಾಲಿಗೆ ಕೊಡುತ್ತದೆ. ಹೀಗೆ ಎಲುಬು ಮೆತ್ತಗಾಗಿ ಕೀಲುಗಳು ನೋಯುವುವು. ರೋಗವು ಬಲಿತರೆ ಸೊಂಟದ ಮೂಳೆಗಳು ಸೊಟ್ಟಗಾಗಿ, ಕರು ಹಾಕುವಾಗ ದಾರಿಯು ಸಾಲದೆ ಹೋಗಬಹುದು.

ಇದೇ ಕೊರತೆಯಿಂದ ರಾಸು ಮಣ್ಣು, ಬಟ್ಟೆ, ಹಗ್ಗ, ಎಲುಬುಗಳನ್ನು ಮೆಲ್ಲತೊಡಗುತ್ತದೆ. ಇವು ಒಣಹುಲ್ಲಿನೊಡನೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುವುವು. ಕಾಲುನೋವಿನಿಂದ ನೀರಿನ ಬಳಿಗೆ ಹೋಗಲಾರದ ರಾಸಿನಲ್ಲಿ ಮಲವು ಮತ್ತಷ್ಟು ಒಣಗುವುದು.

ದಕ್ಷಿಣ ಆಫ್ರಿಕದಲ್ಲಿ 1920ರ ಸುಮಾರಿಗೆ ಸರ್ ಆರ್ನಲ್ಡ್ ಥೈಲರ್ ಎಂಬ ಪಶುವೈದ್ಯ ವಿಜ್ಞಾನಿಗಳೂ ಅವರ ಸಹಾಯಕರೂ, ರಾಸುಗಳು ಎಲುಬು ಕಡಿಯುವುದಕ್ಕೆ ರಂಜಕದ ಕೊರತೆಯೇ ಕಾರಣವೆಂದೂ, ಕೊಳೆತ ಹೆಣದ ಎಲುಬಿನಲ್ಲಿರುವ ವಿಷದಿಂದ ಅವು ಕಾಲುಸೋತು ಸಾಯುವುವೆಂದೂ ತೋರಿಸಿಕೊಟ್ಟರು. ಆದಕಾರಣ ಸತ್ತ ರಾಸುಗಳನ್ನು ಬಯಲಿನಲ್ಲಿ ಎಸೆಯಗೊಡದೆ ಆಳವಾಗಿ ಹೂಳಿಸುವುದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ.

ಭೇದಿಯ ಔಷಧದಿಂದ ಹೊಟ್ಟೆಯು ಒಂದು ದಿನ ಹಗುರಾದೀತು. ಎಲುಬಿಗೆ ಬಲ ಬಾರದು. ಗೋಧಿ ಬೂಸದಲ್ಲಿಯೂ ಅಕ್ಕಿಯ ತವುಡಿನಲ್ಲಿಯೂ ರಂಜಕವು ಹೇರಳವಾಗಿದೆ. ಕರೆಯುವ ಹಸುವಿಗೆ ಇವುಗಳಲ್ಲೊಂದನ್ನು ಹಿಂಡಿಯೊಡನೆ ಕೊಟ್ಟು, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣವನ್ನು ಬೆರಸತಕ್ಕದ್ದು. ಸ್ವಲ್ಪವಾದರೂ ಹಸಿಮೇವನ್ನು ಒದಗಿಸಿ, ಕಟ್ಟಿದ ಸ್ಥಳದಲ್ಲಿಯೇ ಬೇಕಾದಷ್ಟು ನೀರನ್ನು ಇಡತಕ್ಕದ್ದು. ಮೆತ್ತಗಾದ ಎಲುಬು ಗಟ್ಟಿಯಾಗಲು ತಿಂಗಳುಗಳೇ ಬೇಕಾದುದರಿಂದ ನಡುವೆ ನಿಲ್ಲಿಸಲಾಗದು.

ಸಗಣಿಯು ಪೂರ್ತಿಯಾಗಿ ನಿಂತರೂ, ರಾಸು ಬೆನ್ನು ಬಾಗಿಸಿ ನರಳಿದರೂ, ತಂತಿ ಅಥವಾ ಮೊಳೆಯನ್ನು ನುಂಗಿರಬಹುದು. ಆಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರನ್ನು ಕರೆಯಿಸತಕ್ಕದ್ದು.