ಮಿನಿ ಟ್ರ್ಯಾಕ್ಟರಿನ ಬಲ ಅದರ ಬೆನ್ನ ಹಿಂದಿದೆ

ಎತ್ತಿನ ಜಾತ್ರೆಯಲ್ಲಿ ಹಲ್ಲು, ಸುಳಿ, ಗೊರಸು ಎಲ್ಲವನ್ನೂ ನೋಡಿ ವ್ಯಾಪಾರ ಕುದುರಿಸುತ್ತಿದ್ದ ನಾಡು ನಮ್ಮದು. ಟ್ರ್ಯಾಕ್ಟರನ್ನು ಮಾತ್ರ ಒಂದೇ ಅಂಕಿಯಿಂದ ಅಳೆಯುತ್ತೇವೆ: ಎಷ್ಟು ಎಚ್‌ಪಿ? ಅಡಿಕೆ, ತೆಂಗು, ದ್ರಾಕ್ಷಿ ತೋಟಗಳಿಗೆಂದು ಬಂದಿರುವ 18ರಿಂದ 25 ಎಚ್‌ಪಿಯ ಮಿನಿ ಟ್ರ್ಯಾಕ್ಟರುಗಳ ವಿಷಯದಲ್ಲಿ ಈ ಅಂಕಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಅದು ಎಂಜಿನ್ನಿನ ಸಾಮರ್ಥ್ಯ. ಆ ಸಾಮರ್ಥ್ಯ ಕೆಲಸವಾಗಿ ಹೊರಬರಲು ಎರಡು ಬಾಗಿಲುಗಳಿವೆ. ಚಕ್ರ ನೆಲವನ್ನು ಹಿಡಿದು ಎಳೆಯುವುದು ಒಂದು, ಹಿಂಬದಿಯಲ್ಲಿ ತಿರುಗುವ ಪಿಟಿಒ ದಂಡ ಇನ್ನೊಂದು. ಪುಟ್ಟ ಟ್ರ್ಯಾಕ್ಟರಿನಲ್ಲಿ ಮೊದಲನೆಯ ಬಾಗಿಲು ಬಹಳ ಕಿರಿದು, ಎರಡನೆಯದು ವಿಶಾಲ. ಇದು ತಿಳಿದರೆ ಯಾವ ಯಂತ್ರ ಕೊಳ್ಳಬೇಕು, ಅದರ ಬೆನ್ನಿಗೆ ಏನನ್ನು ಕಟ್ಟಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ.

ಲೆಕ್ಕ ಸರಳವಾಗಿದೆ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಅದು ಒಂದು ಅಶ್ವಶಕ್ತಿ, ಅಂದರೆ ಒಂದು ಎಚ್‌ಪಿ. ನೇಗಿಲು ಕಟ್ಟಿದ ಟ್ರ್ಯಾಕ್ಟರ್ ಗಂಟೆಗೆ 3 ಕಿ.ಮೀ. ವೇಗದಲ್ಲಿ ಸಾಗುತ್ತಿದೆ ಎನ್ನಿ. 20 ಅಶ್ವಶಕ್ತಿಯೂ ಎಳೆತವಾಗಿ ಬದಲಾದರೆ ಅದು 1,800 ಕಿಲೋ ಬಲದಿಂದ ಎಳೆಯಬೇಕು. ಆದರೆ ಎಳೆತದ ಮಿತಿಯನ್ನು ನಿಗದಿ ಮಾಡುವುದು ಎಂಜಿನ್ ಒಂದೇ ಅಲ್ಲ. ಚಕ್ರದ ಮೇಲೆ ಬೀಳುವ ತೂಕವೂ ಹೌದು. ಉತ್ತ ಹೊಲದ ಮಣ್ಣಿನಲ್ಲಿ ಚಕ್ರ ತನ್ನ ಮೇಲಿನ ಭಾರದ ಸುಮಾರು ಅರ್ಧದಷ್ಟನ್ನು ಮಾತ್ರ ಎಳೆತವಾಗಿ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಕೇಳಿದರೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. 800 ಕಿಲೋ ತೂಗುವ ಮಿನಿ ಟ್ರ್ಯಾಕ್ಟರಿನ ನಾಲ್ಕೂ ಚಕ್ರಗಳು ಎಳೆದರೂ ಸಿಗುವುದು 400 ಕಿಲೋ. ಅದೇ ವೇಗದಲ್ಲಿ ಇದು ನಾಲ್ಕೂವರೆ ಅಶ್ವಶಕ್ತಿಯೂ ಆಗದು. ಮಿಕ್ಕದ್ದು ಎಂಜಿನ್ನಿನಲ್ಲೇ ಉಳಿಯುತ್ತದೆ.

ಅದೇ ಎಂಜಿನ್ನಿನ ಶಕ್ತಿ ಪಿಟಿಒ ಮೂಲಕ ಹೊರಬಂದರೆ ಕಥೆ ಬೇರೆ. ಗೇರುಗಳ ಘರ್ಷಣೆಯಲ್ಲಿ ಸ್ವಲ್ಪ ಸೋರಿ, ಸುಮಾರು 85 ಪ್ರತಿಶತ, ಅಂದರೆ 17 ಅಶ್ವಶಕ್ತಿಯಷ್ಟು ದಂಡದ ತುದಿಗೆ ತಲುಪುತ್ತದೆ. ನೆಲ ಜಾರುವ, ಚಕ್ರ ಹುಗಿಯುವ ನಷ್ಟ ಇಲ್ಲಿಲ್ಲ. ಡೀಸೆಲ್ ಎಂಜಿನ್ನಿನ ಸ್ವಭಾವವೂ ಇದಕ್ಕೆ ಒಪ್ಪುತ್ತದೆ. ಗಾಳಿಯನ್ನು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿ, ಕಿಡಿಯ ಹಂಗಿಲ್ಲದೆ ಬರೀ ಆ ಬಿಸಿಯಲ್ಲೇ ಇಂಧನ ಉರಿಸುವ ಈ ಎಂಜಿನ್ ಕಡಿಮೆ ವೇಗದಲ್ಲೂ ಗಟ್ಟಿಯಾಗಿ ತಿರುಗುತ್ತದೆ. ಹೊರೆ ಬಿದ್ದೊಡನೆ ಅದರ ಗವರ್ನರ್ ತಾನಾಗಿ ಇಂಧನ ಹೆಚ್ಚಿಸಿ ವೇಗ ಕುಸಿಯದಂತೆ ನೋಡಿಕೊಳ್ಳುತ್ತದೆ. ಪಿಟಿಒ ನಿಮಿಷಕ್ಕೆ 540 ಸುತ್ತು ಎಂಬ ಸರ್ವಮಾನ್ಯ ಲೆಕ್ಕಕ್ಕೆ ಉಪಕರಣಗಳನ್ನು ತಯಾರಿಸಲು ಸಾಧ್ಯವಾಗಿರುವುದು ಈ ಸ್ಥಿರತೆಯಿಂದಲೇ.

ಮಣ್ಣು ಪುಡಿ ಮಾಡುವ ರೋಟವೇಟರ್ ಈ ವಾದಕ್ಕೆ ಒಳ್ಳೆಯ ಸಾಕ್ಷಿ. ನೇಗಿಲು ಟ್ರ್ಯಾಕ್ಟರನ್ನು ಹಿಂದಕ್ಕೆ ಜಗ್ಗುತ್ತದೆ. ರೋಟವೇಟರಿನ ಬ್ಲೇಡುಗಳು ಚಕ್ರಗಳ ದಿಕ್ಕಿನಲ್ಲೇ, ಚಕ್ರಗಳಿಗಿಂತ ಜೋರಾಗಿ ತಿರುಗಿ ಮಣ್ಣನ್ನು ಹಿಂದಕ್ಕೆ ಒದೆಯುತ್ತವೆ. ಆ ಒದೆತ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಹೀಗಾಗಿ ಹಗುರವಾದ ಯಂತ್ರವೂ ಮೂರು–ಮೂರೂವರೆ ಅಡಿ ಅಗಲದ ರೋಟವೇಟರನ್ನು ಸಲೀಸಾಗಿ ನಡೆಸುತ್ತದೆ. ಕಳೆ ಕತ್ತರಿಸುವ ಸ್ಲ್ಯಾಷರ್, ಔಷಧ ಸಿಂಪಡಿಸುವ ಪಂಪು, ಗುಂಡಿ ತೋಡುವ ಆಗರ್, ಸೋಗೆ ಪುಡಿ ಮಾಡುವ ಶ್ರೆಡ್ಡರ್ ಎಲ್ಲವೂ ಇದೇ ಜಾತಿಯವು. ಇವು ಟ್ರ್ಯಾಕ್ಟರಿನಿಂದ ಬೇಡುವುದು ತಿರುಗುವ ಬಲವನ್ನು.

ಇಲ್ಲಿ ಒಂದು ಆಕ್ಷೇಪ ಸಹಜ. ತೂಕವೇ ಕೊರತೆಯಾದರೆ ತೂಕ ಸೇರಿಸಬಹುದಲ್ಲ? ಟೈರಿಗೆ ನೀರು ತುಂಬಿಸಿ, ಬೀಡುಕಬ್ಬಿಣದ ಭಾರ ತೂಗುಹಾಕಿ ಎಳೆತ ಹೆಚ್ಚಿಸಿಕೊಳ್ಳುವವರು ಇದ್ದಾರೆ. ಇನ್ನೂರು ಕಿಲೋ ಸೇರಿಸಿದರೆ ನೂರು ಕಿಲೋ ಎಳೆತ ಹೆಚ್ಚಬಹುದು. ಜೊತೆಗೆ ಮಣ್ಣು ಅಷ್ಟೇ ಬಿಗಿಯುತ್ತದೆ. ತೂಕವನ್ನು ಜಾಣತನದಿಂದ ಪಡೆಯುವ ದಾರಿಯನ್ನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಹಿಂದೆಯೇ ತೋರಿಸಿದ್ದ. ಉಪಕರಣವನ್ನು ಮೂರು ಕೊಂಡಿಗಳಲ್ಲಿ ಹಿಡಿದು, ಹೈಡ್ರಾಲಿಕ್ ಮೂಲಕ ಅದರ ಆಳವನ್ನು ನಿಯಂತ್ರಿಸಿ, ನೇಗಿಲಿನ ಮತ್ತು ಮಣ್ಣಿನ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುವಂತೆ ಆತ ಮಾಡಿದ. ಈ ಏರ್ಪಾಟಿನೊಂದಿಗೆ 1939ರಲ್ಲಿ ಬಂದ ಫೋರ್ಡ್–ಫರ್ಗ್ಯೂಸನ್ 9ಎನ್ ಸುಮಾರು ಒಂದು ಟನ್ ತೂಗುತ್ತಿತ್ತು. ಅಂದರೆ ಇಂದಿನ ಮಿನಿ ಟ್ರ್ಯಾಕ್ಟರಿಗಿಂತ ತುಸು ಭಾರ, ಅಷ್ಟೆ. ಇಂದು ಬಹುತೇಕ ಎಲ್ಲ ಟ್ರ್ಯಾಕ್ಟರುಗಳ ಬೆನ್ನಿಗೂ ಅದೇ ಮೂರು ಕೊಂಡಿಗಳಿವೆ. ಅವು ಎಳೆತದ ಕೊರತೆಯನ್ನು ತಗ್ಗಿಸುತ್ತವೆ, ಪೂರ್ತಿ ನೀಗಿಸುವುದಿಲ್ಲ.

ಹಾಗಾದರೆ 45 ಎಚ್‌ಪಿಯ ದೊಡ್ಡದನ್ನೇ ಏಕೆ ಕೊಳ್ಳಬಾರದು? ಬಯಲುಸೀಮೆಯ ತೆರೆದ ಎರೆಹೊಲಕ್ಕೆ ಅದೇ ಸರಿ. ಆದರೆ ಅಡಿಕೆಗೆ ಶಿಫಾರಸಾಗಿರುವ ಅಂತರ 2.7 ಮೀಟರ್. ನಡುವೆ ಕೋಕೋ, ಬಾಳೆ, ಮೆಣಸಿನ ಬಳ್ಳಿಯೂ ಇರುವಲ್ಲಿ ಎರಡು ಟನ್ನಿನ ಯಂತ್ರ ಮಗ್ಗುಲು ತಿರುಗಿಸಲೂ ಜಾಗ ಸಾಲದು. ಅಡಿಕೆಯ ಬೇರು ಹೆಚ್ಚಾಗಿ ಮೇಲುಪದರದಲ್ಲೇ ಹರಡುವಂಥದು. ಒದ್ದೆ ಮಣ್ಣಿನಲ್ಲಿ ಭಾರದ ಚಕ್ರ ಹಾದರೆ ಗಾಳಿ, ನೀರು ಇಳಿಯುವ ಸಂದುಗಳು ಮುಚ್ಚುತ್ತವೆ. ಎಳೆತದಲ್ಲಿ ದೋಷವಾಗಿ ಕಂಡ ಹಗುರತನವೇ ತೋಟದೊಳಗೆ ಗುಣವಾಗುತ್ತದೆ. ಪವರ್ ಟಿಲ್ಲರ್ ಇನ್ನೂ ಅಗ್ಗವಲ್ಲವೇ ಎಂದರೆ, ಗದ್ದೆಯ ಸಣ್ಣ ಮಡಿಗಳಿಗೆ ಅದು ಇಂದಿಗೂ ಮೇಲು. ಮೂರು ಕೊಂಡಿಗಳ ಮೇಲೆ ಹೊರುವ ಉಪಕರಣಗಳ ಸೌಕರ್ಯ ಮಾತ್ರ ಅದಕ್ಕಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಮಣ್ಣಿನ ಪರವಾಗಿ ಬರುತ್ತದೆ. ಪದೇ ಪದೇ ರೋಟವೇಟರ್ ಹೊಡೆದರೆ ಮಣ್ಣು ಹಿಟ್ಟಾಗುತ್ತದೆ, ಬ್ಲೇಡಿನ ಆಳಕ್ಕೆ ಸರಿಯಾಗಿ ಕೆಳಗೊಂದು ಗಟ್ಟಿ ಪದರ ಕಟ್ಟುತ್ತದೆ, ಎರೆಹುಳು ನಾಶವಾಗುತ್ತದೆ. ಇದು ನಿಜ. ಆದರೆ ಇದು ರೋಟವೇಟರಿನ ಮೇಲಿನ ದೂರು, ಪಿಟಿಒ ಮೇಲಿನದಲ್ಲ. ಅದೇ ದಂಡಕ್ಕೆ ಸ್ಲ್ಯಾಷರ್ ಕಟ್ಟಿದರೆ ಕಳೆ ಬೇರುಸಹಿತ ಕಿತ್ತುಬರದೆ ಹೊದಿಕೆಯಾಗುತ್ತದೆ. ಶ್ರೆಡ್ಡರ್ ಕಟ್ಟಿದರೆ ಇಡಿಯಾಗಿ ಬಿದ್ದು ಕೊಳೆಯಲು ತಿಂಗಳುಗಟ್ಟಲೆ ಹಿಡಿಯುವ ಸೋಗೆ ಚೂರಾಗಿ, ಸೂಕ್ಷ್ಮಜೀವಿಗಳಿಗೆ ಮೈಯೊಡ್ಡಿ, ಬೇಗ ಗೊಬ್ಬರವಾಗುತ್ತದೆ. ಹಾಗಾಗಿ ತೋಟಗಾರ ಹಣ ಹಾಕುವ ಸರದಿಯಲ್ಲಿ ಸ್ಲ್ಯಾಷರ್ ಮತ್ತು ಶ್ರೆಡ್ಡರ್ ಮುಂದಿರಬೇಕು, ರೋಟವೇಟರ್ ಹಿಂದಿರಬೇಕು. ಇಂದು ಹೆಚ್ಚಿನವರು ಮಾಡುವುದು ಇದಕ್ಕೆ ತಿರುಗುಮುರುಗು.

ತಿರುಗುವ ಬಲಕ್ಕೆ ಅದರದೇ ಅಪಾಯವಿದೆ. ನಿಮಿಷಕ್ಕೆ 540 ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. 35 ಮಿ.ಮೀ. ದಪ್ಪದ ದಂಡಕ್ಕೆ ಪಂಚೆಯ ಚುಂಗೋ ಸೀರೆಯ ಸೆರಗೋ ಸಿಕ್ಕಿದರೆ ಸೆಕೆಂಡಿಗೆ ಒಂದು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಕೂಗುವಷ್ಟರಲ್ಲಿ ಮೈ ದಂಡಕ್ಕೆ ತಾಗಿರುತ್ತದೆ. ದಂಡದ ಪ್ಲಾಸ್ಟಿಕ್ ಕವಚವನ್ನು ತೊಡಕೆಂದು ಕಿತ್ತು ಮೂಲೆಗೆಸೆಯುವವರು ಇದನ್ನು ನೆನಪಿಡಬೇಕು. ಮಲೆನಾಡಿನ ಇಳಿಜಾರಿನಲ್ಲಿ ಉರುಳುವ ಭಯವೂ ಉಂಟು. ಹೊಸ ಟ್ರ್ಯಾಕ್ಟರುಗಳಿಗೆ ಉರುಳಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟನ್ನು ಸ್ವೀಡನ್ 1959ರಲ್ಲೇ ಕಡ್ಡಾಯ ಮಾಡಿತು. ಅಲ್ಲಿ ಇಂಥ ಸಾವುಗಳು ಗಣನೀಯವಾಗಿ ಇಳಿದವು. ಚೌಕಟ್ಟಿನ ಜೊತೆ ಸೀಟ್ ಬೆಲ್ಟ್ ಹಾಕಿದರೆ ಅದು ಇನ್ನೂ ಚೆನ್ನಾಗಿ ಕಾಯುತ್ತದೆ.

ಕೊಳ್ಳುವವರಿಗೆ ಕೊನೆಯ ಮಾತು. ಅಂಗಡಿಯಲ್ಲಿ ಎಚ್‌ಪಿಯ ಜೊತೆಗೆ ಇನ್ನೂ ಮೂರು ಅಂಕಿ ಕೇಳಿ: ಟ್ರ್ಯಾಕ್ಟರಿನ ತೂಕ, ಪಿಟಿಒ ತುದಿಯಲ್ಲಿ ಸಿಗುವ ಎಚ್‌ಪಿ, ಕೊಂಡಿಗಳು ಎತ್ತಬಲ್ಲ ಭಾರ. ಬೆನ್ನಿಗೆ ಉಪಕರಣ ಹೇರಿದ ಮೇಲೂ ಟ್ರ್ಯಾಕ್ಟರ್ ತೂಕದ ಐದನೇ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲಿರಬೇಕು. ಇಲ್ಲವಾದರೆ ಸ್ಟೀರಿಂಗ್ ಮಾತು ಕೇಳದು. ಆಳದ ಉಳುಮೆ ವರ್ಷಕ್ಕೊಮ್ಮೆ ಬೇಕಾದರೆ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ನೆರೆಯವರಿಂದಲೋ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸಿ. ಎಳೆತ ಬಾಡಿಗೆಗೆ ಸಿಗುತ್ತದೆ. ಕಳೆ, ಸೋಗೆ, ಸಿಂಪಡಣೆ ಎಂದು ವಾರವಾರವೂ ಬೇಕಾಗುವ ತಿರುಗಣೆಯ ಬಲ ಮನೆಯ ಕೊಟ್ಟಿಗೆಯಲ್ಲಿರಲಿ.