ಪಿನ್ನು ‘ಟಕ್’ ಅಂದರೆ ಮನೆ ಸುರಕ್ಷಿತ

ನಿಮ್ಮ ಮಿಕ್ಸಿಯದೋ ಇಸ್ತ್ರಿಪೆಟ್ಟಿಗೆಯದೋ ವೈರಿನ ತುದಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಮೂರು ಪಿನ್ನಿನ ಪ್ಲಗ್. ಸ್ಕ್ರೂ ಇಲ್ಲ, ಬಿಚ್ಚಲು ಬರುವುದಿಲ್ಲ. ಹಿತ್ತಾಳೆಯ ಪಿನ್ನುಗಳು ಪ್ಲಾಸ್ಟಿಕ್ಕಿನಿಂದಲೇ ಮೊಳೆತಂತೆ ಕಾಣುತ್ತವೆ. ಅವನ್ನು ಆಮೇಲೆ ಚುಚ್ಚಿದ್ದಲ್ಲ. ಲೋಹವನ್ನು ಮೊದಲು ಅಚ್ಚಿನಲ್ಲಿಟ್ಟು, ಅದರ ಸುತ್ತ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಿಸಿದ್ದು. ಇದಕ್ಕೆ ಇನ್ಸರ್ಟ್ ಮೋಲ್ಡಿಂಗ್ ಎನ್ನುತ್ತಾರೆ. ಕಾರು, ವಾಷಿಂಗ್ ಮಷಿನ್, ಟಿವಿಗಳ ಒಳಗಿನ ಎಷ್ಟೋ ಕನೆಕ್ಟರುಗಳು ಹುಟ್ಟುವುದೂ ಹೀಗೆಯೇ.

ಮುಂಬಯಿ ಕನ್ನಡಿಗರೆಂದರೆ ಊರಿನವರಿಗೆ ಉಡುಪಿ ಹೋಟೆಲು, ಬ್ಯಾಂಕು ನೆನಪಾಗುತ್ತವೆ. ನಾನು ಎಂ.ಟೆಕ್ ಮುಗಿಸಿ ಸೇರಿದ್ದು ಕಾರ್ಖಾನೆಗಳ ಕ್ಯಾಮೆರಾಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ. ಮನೆ ಡೊಂಬಿವಲಿಯಲ್ಲಿ. ಕೋಪರ್‌ನಲ್ಲಿ ರೈಲು ಹತ್ತಿ ಭಿವಂಡಿ ಮಾರ್ಗವಾಗಿ ವಸಾಯಿಗೆ ಹೋಗುತ್ತೇನೆ. ವಸಾಯಿ ಪೂರ್ವದಲ್ಲಿ ಸಾಲುಸಾಲಾಗಿ ‘ಗಾಲಾ’ಗಳಿವೆ. ಮುಂಬಯಿಯಲ್ಲಿ ಸಣ್ಣ ಕಾರ್ಖಾನೆಯ ಶೆಡ್ಡಿಗೆ ಗಾಲಾ ಎಂದೇ ಹೆಸರು. ಸ್ವಿಚ್ಚು–ಪ್ಲಗ್ಗುಗಳ ವ್ಯವಹಾರ ಈ ನಗರಕ್ಕೆ ಹಳೆಯದು. 1963ರಲ್ಲಿ ಇಲ್ಲೇ ಶುರುವಾದ ಆ್ಯಂಕರ್ ಕಂಪನಿ 2007ರಲ್ಲಿ ಜಪಾನಿನ ಇಂದಿನ ಪ್ಯಾನಸಾನಿಕ್ ಸಮೂಹದ ಪಾಲಾಯಿತು. ದೊಡ್ಡ ಹೆಸರುಗಳ ನೆರಳಿನಲ್ಲಿ ನೂರಾರು ಸಣ್ಣ ಗಾಲಾಗಳು ಇಂದಿಗೂ ಬದುಕುತ್ತಿವೆ.

ಅಚ್ಚಿನೊಳಗೆ ಏನಾಗುತ್ತದೆ?

ಹಿತ್ತಾಳೆಯ ಪಿನ್ನುಗಳು ಹೆಚ್ಚಾಗಿ ಗುಜರಾತಿನ ಜಾಮ್‌ನಗರದಿಂದ ಬರುತ್ತವೆ. ಮೊದಲು ಮೂರು ಪಿನ್ನುಗಳನ್ನು ಒಂದು ಗಟ್ಟಿ ಪ್ಲಾಸ್ಟಿಕ್ ತುಂಡಿನಲ್ಲಿ ಕೂರಿಸುತ್ತಾರೆ. ಆಮೇಲೆ ವೈರಿನ ತಾಮ್ರದ ಎಳೆಗಳನ್ನು ಪಿನ್ನಿನ ಬಾಲಕ್ಕೆ ಒತ್ತಿ ಬಿಗಿಯುತ್ತಾರೆ. ಕೊನೆಗೆ ಎಲ್ಲವನ್ನೂ ಲಂಬ ಮೋಲ್ಡಿಂಗ್ ಯಂತ್ರದ ಅಚ್ಚಿನಲ್ಲಿಟ್ಟು ಮೇಲೆ ಪಿವಿಸಿ ತುಂಬುತ್ತಾರೆ.

ಹೇಳಲು ಸುಲಭ. ಆದರೆ ಪಿನ್ನು ಅಚ್ಚಿನ ತೂತಿನಲ್ಲಿ ಪೂರ್ತಿ ಕೂರದಿದ್ದರೆ ನುಗ್ಗಿ ಬರುವ ಪ್ಲಾಸ್ಟಿಕ್ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಾಮ್ರದ ಒಂದೇ ಒಂದು ಎಳೆ ಹೊರಗೆ ಉಳಿದರೂ ಅದು ಪಿವಿಸಿಯ ಒಳಗೇ ಪಕ್ಕದ ಪಿನ್ನಿನತ್ತ ಬಾಗಿ ಹೂತುಹೋಗಬಹುದು. ಹೊರಗಿನಿಂದ ನೋಡಿದರೆ ಪ್ಲಗ್ ಹೊಸದಾಗಿ ಫಳಫಳ ಹೊಳೆಯುತ್ತಿರುತ್ತದೆ.

ಕನೆಕ್ಟರುಗಳಿಗೆ ಬಳಸುವ ಪಿಬಿಟಿ ಪ್ಲಾಸ್ಟಿಕ್ಕಿನದು ಬೇರೆಯೇ ತಕರಾರು. ಅದರ ‘ದಾಣಾ’, ಅಂದರೆ ಕಾಳು, ಗಾಳಿಯ ತೇವ ಹೀರಿಕೊಳ್ಳುತ್ತದೆ. ಸುಮಾರು 120 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸದೆ ಕರಗಿಸಿದರೆ ಆ ತೇವವೇ ಪ್ಲಾಸ್ಟಿಕ್ಕಿನ ಸರಪಳಿಗಳನ್ನು ಕತ್ತರಿಸುತ್ತದೆ. ನೋಡಲು ಸರಿಯಾಗಿಯೇ ಇದ್ದ ಕನೆಕ್ಟರು ಬಿಗಿ ಬಿದ್ದ ದಿನ ಲಟಕ್ಕನೆ ಸೀಳುತ್ತದೆ. ಮುಂಬಯಿಯ ಜುಲೈ ತಿಂಗಳಲ್ಲಿ ಕರೆಂಟ್ ಬಿಲ್ಲಿಗೆ ಹೆದರಿ ಡ್ರೈಯರ್ ಬೇಗ ಆರಿಸುವ ಮಾಲೀಕರನ್ನು ಕಂಡಿದ್ದೇನೆ.

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. 3 ಕಿಲೋವ್ಯಾಟ್ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಪಿನ್ನಿಗೂ ವೈರಿಗೂ ನಡುವೆ ಬಿಗಿ ಸಾಲದೆ ಬರೀ 0.1 ಓಮ್ ಪ್ರತಿರೋಧ ಹುಟ್ಟಿತೆನ್ನಿ. 13ರ ವರ್ಗ 169, ಅದನ್ನು 0.1ರಿಂದ ಗುಣಿಸಿದರೆ ಸುಮಾರು 17 ವ್ಯಾಟ್. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಹೆಚ್ಚೂಕಡಿಮೆ ಅಂಥದೊಂದು ಕಡ್ಡಿಯನ್ನು ನೀವು ಸ್ನಾನ ಮುಗಿಸುವವರೆಗೂ ಪ್ಲಗ್ಗಿನ ಹೊಟ್ಟೆಯಲ್ಲಿ ಉರಿಸಿಟ್ಟಂತೆ.

ಕಣ್ಣಿಗಿಂತ ಕಿವಿ ಚುರುಕು

ನಮಗೆ ಬಂದ ಕೆಲಸ ಇಷ್ಟು: ಅಚ್ಚು ಮುಚ್ಚುವ ಮೊದಲು ಎಲ್ಲ ಪಿನ್ನುಗಳೂ ಜಾಗದಲ್ಲಿವೆಯೇ ಎಂದು ಕ್ಯಾಮೆರಾ ನೋಡಬೇಕು, ಇಲ್ಲದಿದ್ದರೆ ಯಂತ್ರ ನಿಲ್ಲಬೇಕು. ಆ ಯಂತ್ರದ ಮುಂದೆ ಇಬ್ಬರು ಹೆಂಗಸರು. ಒಬ್ಬರು ಪಿನ್ನು ಇಡುವವರು, ಇನ್ನೊಬ್ಬರು ನೋಡುವವರು. ಇಡುವವರು ಕಲಬುರಗಿ ಕಡೆಯವರು. ಮೇಸ್ತ್ರಿ ಹಿಂದಿಯಲ್ಲಿ ಏನು ಕೇಳಿದರೂ ಅವರ ಉತ್ತರ ‘ಠೀಕ್ ಹೈ’ ಎಂಬ ಎರಡೇ ಮಾತು. ನಾನು ಕನ್ನಡದಲ್ಲಿ ಮಾತಾಡಿಸಿದ ದಿನ ಪೂರಾ ಪಾಠವೇ ಸಿಕ್ಕಿತು.

‘ಪಿನ್ನು ಪೂರಾ ಕುಂತ್ರ ಟಕ್ ಅಂತದ್ರಿ ಸರ. ಕುಂದ್ರಲಿಲ್ಲಂದ್ರ ಸಪ್ಪಳೇ ಬರಂಗಿಲ್ಲ. ಮ್ಯಾಲಿಂದ ನೋಡಿದ್ರ ಎರಡೂ ಒಂದೇ ಕಾಣ್ತಾವ.’

ಮೇಲಿನಿಂದ ನೋಡುವ ಒಂದು ಕ್ಯಾಮೆರಾಕ್ಕೆ ಪಿನ್ನು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅರ್ಧ ಮಿಲಿಮೀಟರ್ ಮೇಲೆ ನಿಂತಿದೆಯೋ ಗೊತ್ತಾಗುವುದಿಲ್ಲ. ಅವರ ಮಾತು ಕೇಳಿ ಪಕ್ಕದಿಂದ ನೋಡುವ ಎರಡನೆಯ ಕ್ಯಾಮೆರಾವನ್ನು ಯೋಜನೆಗೆ ಸೇರಿಸಿದೆವು.

ಅವರೇ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ‘ಇದು ಬಂದ್ರ ನಮ್ಮ ಕೂಲಿ ಹೋಗ್ತದೇನ್ರಿ?’ ಇಬ್ಬರಲ್ಲಿ ಒಬ್ಬರ ಕೆಲಸ ಹೋಗುತ್ತದೆ ಎಂದು ನಿಜವನ್ನೇ ಹೇಳಿದೆ. ಆ ಗಾಲಾದಲ್ಲಿ ‘ನೋಡುವ’ ಹೆಂಗಸನ್ನು ಹೈವೋಲ್ಟೇಜ್ ಪರೀಕ್ಷೆಯ ಮೇಜಿಗೆ ಕೂರಿಸಿದರು. ಎಲ್ಲ ಕಡೆ ಹಾಗಾಗುವುದಿಲ್ಲ. ಇನ್ನೊಂದು ಗಾಲಾದಲ್ಲಿ ಹಬ್ಬದ ಮರುದಿನದಿಂದ ಬರಬೇಡ ಎಂದದ್ದನ್ನೂ ನೋಡಿದ್ದೇನೆ.

ಆದರೆ ಕ್ಯಾಮೆರಾ ಬರುವ ಮುಂಚೆ ಅಲ್ಲಿ ಎಲ್ಲವೂ ಚೆನ್ನಾಗಿತ್ತೆಂದಲ್ಲ. ಲಂಬ ಯಂತ್ರದ ಅಚ್ಚು ಮುಚ್ಚಲು ಎರಡೂ ಕೈಗಳಿಂದ ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಕೈ ಒಳಗೆ ಸಿಗಬಾರದೆಂದೇ ಆ ವ್ಯವಸ್ಥೆ. ಲೆಕ್ಕ ಮುಟ್ಟಿಸುವ ಆತುರಕ್ಕೆ ಒಂದು ಗುಂಡಿಯನ್ನು ಟೇಪ್ ಸುತ್ತಿ ಒತ್ತಿಹಿಡಿದಂತೆಯೇ ಇಡುವ ಚಾಳಿ ಕೆಲವು ಕಡೆ ಇದೆ. ಈಗ ನಮ್ಮ ಸಾಫ್ಟ್‌ವೇರು ಎರಡೂ ಗುಂಡಿಗಳು ಪ್ರತಿಸಲ ಬಿಡುಗಡೆಯಾಗಿ ಮತ್ತೆ ಒತ್ತಿದ್ದನ್ನು ನೋಡದೆ ಅಚ್ಚು ಮುಚ್ಚಲು ಬಿಡುವುದಿಲ್ಲ. ಗಿರಾಕಿ ಕೇಳಿರಲಿಲ್ಲ, ನಾವೇ ಹಟ ಹಿಡಿದು ಸೇರಿಸಿದೆವು. ಗಂಟೆಗೆ ಬರುವ ಪ್ಲಗ್ಗುಗಳ ಸಂಖ್ಯೆ ಸ್ವಲ್ಪ ಇಳಿಯಿತು. ಮಾಲೀಕರು ಒಂದು ವಾರ ಗೊಣಗಿ ಸುಮ್ಮನಾದರು.

ಓದುಗರು ಮಾಡಬಹುದಾದ್ದು ಇಷ್ಟು. ಪ್ಲಗ್ ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 1293 ಎಂಬ ಸಂಖ್ಯೆ ಇದೆಯೇ ನೋಡಿ. ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ ಇರಬೇಕು; ಅದೇ ಮೊದಲು ತಗಲಬೇಕೆಂಬುದು ಅದರ ಉದ್ದೇಶ. ಗೀಸರಿನ 16 ಆಂಪಿಯರ್ ಪ್ಲಗ್ಗನ್ನು ಅಡಾಪ್ಟರ್ ಹಾಕಿ 6 ಆಂಪಿಯರಿನ ಸಾಕೆಟ್ಟಿಗೆ ತುರುಕಬೇಡಿ. ಬಳಸಿದ ಮೇಲೆ ಸ್ವಿಚ್ ಆರಿಸಿ ಪ್ಲಗ್ ಮುಟ್ಟಿ ನೋಡಿ: ಕೈ ಸುಡುವಷ್ಟು ಬಿಸಿ, ಪಿನ್ನಿನ ಬುಡದಲ್ಲಿ ಕಂದು ಬಣ್ಣ, ಅಲುಗಾಡುವ ಪಿನ್ನು — ಇವುಗಳಲ್ಲಿ ಒಂದಿದ್ದರೂ ಆ ವೈರನ್ನು ಬದಲಿಸಿ, ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಊರಿನಲ್ಲಿರುವ ಅಪ್ಪ–ಅಮ್ಮನ ಗೀಸರನ್ನು ಮುಂದಿನ ರಜೆಗೆ ಹೋದಾಗ ನೀವೇ ನೋಡಿ ಬನ್ನಿ.