ಹಬ್ಬದ ಕಟ್ಟಳೆ, ಭಕ್ತಿಯ ಕರೆ

ಭಕ್ತಿಯನ್ನು ಕಟ್ಟಳೆಯಿಂದ ಕಾಯಬಹುದೇ? ಎಲ್ಲ ಧರ್ಮಗಳೂ ಒಂದಲ್ಲ ಒಂದು ಕಾಲದಲ್ಲಿ ಎದುರಿಸಿದ ಪ್ರಶ್ನೆಯಿದು. ಅಮೆರಿಕದ ಕ್ಯಾಥೊಲಿಕರ ನಡುವೆ ೨೦೨೪ರಲ್ಲಿ ಇದು ಒಂದು ಸೋಮವಾರದ ನೆಪದಿಂದ ಮತ್ತೆ ತಲೆಯೆತ್ತಿತು.

ಭಾನುವಾರಗಳಲ್ಲದೆ ಕೆಲವು ಹಬ್ಬಗಳಂದೂ ಬಲಿಪೂಜೆಯಲ್ಲಿ ಭಾಗವಹಿಸುವುದು ಕ್ಯಾಥೊಲಿಕರಿಗೆ ಕಡ್ಡಾಯ. ೧೯೮೩ರ ಧರ್ಮಸಂಹಿತೆ ಎಣಿಸುವ ಇಂಥ ಹತ್ತು ಹಬ್ಬಗಳಲ್ಲಿ ಮೂರು ಮಾತೆ ಮರಿಯಮ್ಮನವರವು: ಜನವರಿ ೧, ಆಗಸ್ಟ್ ೧೫, ಡಿಸೆಂಬರ್ ೮. ರೋಮಿನ ಒಪ್ಪಿಗೆ ಪಡೆದು ಆಯಾ ದೇಶದ ಬಿಷಪ್ಪರು ಈ ಪಟ್ಟಿಯನ್ನು ಕಿರಿದುಗೊಳಿಸಬಹುದು. ಅಮೆರಿಕದ ಬಿಷಪ್ಪರು ೧೯೯೧ರಲ್ಲಿ ಮಾಡಿದ ನಿರ್ಣಯದಂತೆ, ಮೊದಲೆರಡು ಹಬ್ಬಗಳು ಶನಿವಾರ ಇಲ್ಲವೆ ಸೋಮವಾರ ಬಂದರೆ ಕಡ್ಡಾಯವಿಲ್ಲ. ಆದರೆ ಮರಿಯಮ್ಮನವರು ಜನ್ಮಪಾಪದ ಕಳಂಕವಿಲ್ಲದೆ ಗರ್ಭದಲ್ಲಿ ಉದಿಸಿದರೆಂಬ ನಂಬಿಕೆಯ ಡಿಸೆಂಬರ್ ೮, ಆ ದೇಶದ ಪಾಲಕಿಯ ಹಬ್ಬ. ಅದಕ್ಕೆ ಈ ರಿಯಾಯಿತಿ ಇಲ್ಲ.

೨೦೨೪ರಲ್ಲಿ ಆ ದಿನ ಕ್ರಿಸ್ತಾಗಮನ ಕಾಲದ ಎರಡನೆಯ ಭಾನುವಾರವಾಗಿ, ಹಬ್ಬವು ಸೋಮವಾರಕ್ಕೆ ಸರಿಯಿತು. ಹಬ್ಬದೊಡನೆ ಕಡ್ಡಾಯವೂ ಸರಿಯಿತೇ? ಸರಿಯಿತೆಂದು ರೋಮಿನ ಶಾಸನ ವಿಭಾಗವು ಸೆಪ್ಟೆಂಬರಿನಲ್ಲಿ ಉತ್ತರಿಸಿತು. ಕೆಲವು ಬಿಷಪ್ಪರು ತಮ್ಮ ಪ್ರಾಂತಗಳಿಗೆ ವಿನಾಯಿತಿ ಕೊಟ್ಟರು. ೨೦೨೫ರ ಜನವರಿಯಲ್ಲಿ ರೋಮಿನದೇ ಆರಾಧನಾ ವಿಭಾಗವು, ಹೀಗೆ ಅಪರೂಪಕ್ಕೆ ಸರಿದ ಹಬ್ಬದೊಡನೆ ಕಡ್ಡಾಯ ಸರಿಯದೆಂದು ತಿಳಿಸಿತು.

ಇದು ಬರಿಯ ಪಂಚಾಂಗದ ಜಗಳವಲ್ಲ. ವಿನಾಯಿತಿ ಬೆಳೆದಂತೆ ಹಬ್ಬವೇ ಮರೆತುಹೋಗುವುದೆಂಬುದು ಒಂದು ಪಕ್ಷದ ಅಂಜಿಕೆ. ಕಟ್ಟಳೆಯಿದ್ದರೆ ಧಣಿಯ ಬಳಿ ಬಿಡುವು ಕೇಳಲು ಕೆಲಸಗಾರನಿಗೆ ಒಂದು ಆಧಾರವಾದರೂ ಇರುತ್ತದೆ. ದಿನಗೂಲಿಯವನ ಮೇಲೆ ಎರಡು ದಿನಗಳ ಭಾರ ಹೊರಿಸಿ, ಬಾರದವನಿಗೆ ಪಾಪದ ಭಯ ಹಚ್ಚುವುದು ತಾಯಿಯ ಹಬ್ಬಕ್ಕೆ ಒಪ್ಪದೆಂಬುದು ಇನ್ನೊಂದು ಪಕ್ಷದ ನುಡಿ. ರೋಗಿಗಳಿಗೂ ಎಳೆಗೂಸಿನ ಆರೈಕೆಯಲ್ಲಿರುವವರಿಗೂ ಧರ್ಮವೇ ಕ್ಷಮೆ ನೀಡಿದೆಯೆಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಈ ವಾದಕ್ಕೆ ನಮ್ಮ ಕರಾವಳಿಯಲ್ಲೊಂದು ನಿದರ್ಶನವಿದೆ. ಸೆಪ್ಟೆಂಬರ್ ೮ರ ಮರಿಯಮ್ಮನವರ ಜನ್ಮದಿನವು ೧೬೪೨ರ ಕಡ್ಡಾಯ ಹಬ್ಬಗಳ ಪಟ್ಟಿಯಲ್ಲಿತ್ತು. ಹತ್ತನೆಯ ಪಯಸ್ ಪೋಪರು ೧೯೧೧ರಲ್ಲಿ ಪಟ್ಟಿಯನ್ನು ಎಂಟಕ್ಕಿಳಿಸಿದಾಗ ಅದು ಉಳಿಯಲಿಲ್ಲ. ಆದರೂ ಮಂಗಳೂರಿನ ಕೊಂಕಣಿ ಕ್ರೈಸ್ತರು ಅದನ್ನು ಮೊಂತಿ ಹಬ್ಬವಾಗಿ ಉಳಿಸಿಕೊಂಡಿದ್ದಾರೆ. ಮಕ್ಕಳು ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಅಲ್ಲಿ ಹೊಲ, ಮನೆ, ಗುಡಿ ಮೂರೂ ಒಂದೇ ದಾರದಲ್ಲಿ ಪೋಣಿಸಿವೆ.

ಇದರಿಂದ ಕಟ್ಟಳೆ ವ್ಯರ್ಥವೆಂದು ತಿಳಿಯಬೇಕಿಲ್ಲ. ಹೊಲ ದೂರವಾಗಿ, ನೆರೆಹೊರೆ ಚದುರಿದ ನಗರದ ಒಂಟಿ ಭಕ್ತನಿಗೆ ಹಬ್ಬವನ್ನು ನೆನಪಿಸುವುದು ಬಹುಶಃ ಕಟ್ಟಳೆಯೊಂದೇ. ಆದರೆ ಅದು ಅವನನ್ನು ಗುಡಿಯ ಬಾಗಿಲವರೆಗೆ ಮಾತ್ರ ಕರೆತಂದೀತು. ಒಳಗೆ ಅವನಿಗಾಗಿ ಒಂದು ಕುಟುಂಬ ಕಾದಿದೆಯೇ ಎಂಬ ಪ್ರಶ್ನೆಗೆ ಯಾವ ವಿಭಾಗದ ಪತ್ರವೂ ಉತ್ತರ ಹೇಳಲಾರದು.